ಪ್ರಾಯದ ಕೈ ಸೊರಗಿದಾಗ

ಮನುಷ್ಯನ ಅಂಗಗಳಲ್ಲಿ ಕೈಗೆ ಇರುವ ಹಿರಿಮೆ ದೊಡ್ಡದು. ಇಷ್ಟಲಿಂಗವನ್ನು ಧರಿಸಿ ಪೂಜಿಸುವುದೂ ಕೈ, ಕಾಯಕ ಮಾಡುವುದೂ ಕೈ, ದುಡಿದುದನ್ನು ದಾಸೋಹದಲ್ಲಿ ನೀಡುವುದೂ ಕೈ. ಅಂಥ ಕೈ ಇಪ್ಪತ್ತರ ಹರೆಯದಲ್ಲಿ, ಏಟು ಬೀಳದೆ, ಗಾಯವಾಗದೆ, ನೋವೂ ಇಲ್ಲದೆ ದಿನದಿಂದ ದಿನಕ್ಕೆ ಸೊರಗತೊಡಗಿದರೆ ಆ ಮನೆಯವರ ಪಾಡು ಏನಾದೀತು? ಈ ತಿಂಗಳ ಲೇಖನದಲ್ಲಿ ಆ ವಿಷಯವನ್ನು ಭಕ್ತ ಮಹಾಶಯರ ಮುಂದೆ ಇಡಲು ಬಯಸುತ್ತೇವೆ. ವೈದ್ಯಶಾಸ್ತ್ರ ನಮ್ಮ ಅಧ್ಯಯನದ ಕ್ಷೇತ್ರವಲ್ಲ. ಆದರೂ ಒಂದು ತಪ್ಪಿನ ಹೊಣೆ ನಮ್ಮ ಮೇಲಿರುವುದರಿಂದ, ಬಲ್ಲವರಿಂದ ಕೇಳಿ ಓದಿ ತಿಳಿದುಕೊಂಡುದನ್ನು ಬರೆಯುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ನಮಗೆ ಪರಿಚಯದ ಭಕ್ತರ ಮನೆ. ಎರಡು ಎಕರೆ ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ, ಹಟ್ಟಿಯಲ್ಲಿ ಎರಡು ಹಸು. ಹತ್ತೊಂಬತ್ತು ವರ್ಷದ ಮಗ ತನ್ನ ತೋಟದ ಕೆಲಸವಲ್ಲದೆ ನೆರೆಹೊರೆಯವರಿಗೂ ಕಾಯಿ ಸುಲಿದುಕೊಡುತ್ತಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ತಲೆ ಬಗ್ಗಿಸಿ ನಿಂತರೆ ರಾಶಿ ಕರಗುವವರೆಗೆ ತಲೆ ಎತ್ತುತ್ತಿರಲಿಲ್ಲ. ಒಂದು ಪ್ರಸಾದದ ಪಂಕ್ತಿಯಲ್ಲಿ ಅವನು ಬಡಿಸುತ್ತಿದ್ದಾಗ ಬಲಗೈಯಿಂದ ಸೌಟು ಜಾರಿ ಬಿತ್ತು. ಅವನ ತಾಯಿ ನಮ್ಮ ಬಳಿಗೆ ಬಂದು, "ಬುದ್ಧೀ, ಹುಡುಗನ ಕೈ ಯಾಕೋ ತೆಳ್ಳಗಾಗ್ತಾ ಐತೆ, ಹಿಡಿದಿದ್ದೆಲ್ಲ ಬಿಡ್ತಾನೆ, ಒಸಿ ನೋಡಿ" ಎಂದರು. ನಾವು ನೋಡಿದೆವು. ಹೆಬ್ಬೆರಳಿನ ಬುಡದ ದಿಬ್ಬ ಕರಗಿತ್ತು; ಬೆರಳುಗಳ ನಡುವೆ ಹಳ್ಳ ಬಿದ್ದಿತ್ತು. ನೋಡಿಯೂ, "ದುಡಿತದ ದಣಿವು ತಾಯಿ, ಎಣ್ಣೆ ತಿಕ್ಕಿ, ನಾಲ್ಕು ದಿನ ವಿಶ್ರಾಂತಿ ಕೊಡಿ, ಸರಿಹೋಗುತ್ತದೆ" ಎಂದುಬಿಟ್ಟೆವು. ಮಠದಲ್ಲಿ ಓದಿದವರ ಮಾತಿಗೆ ಹಳ್ಳಿಯಲ್ಲಿ ತೂಕವಿದೆ. ನಮ್ಮ ಮಾತನ್ನು ನಂಬಿ ಆ ಮನೆಯವರು ಒಂದು ವರ್ಷ ಸುಮ್ಮನಿದ್ದರು. ಆ ಒಂದು ವರ್ಷದ ಬೆಲೆ ಏನೆಂಬುದು ನಮಗೆ ಆಮೇಲೆ ತಿಳಿಯಿತು.

ವರ್ಷದ ನಂತರ ಕೈ ಇನ್ನಷ್ಟು ಸೊರಗಿದಾಗ ಪಟ್ಟಣದಲ್ಲಿ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ "ಮೋಟಾರ್ ನ್ಯೂರಾನ್ ಕಾಯಿಲೆ?" ಎಂದು ಬರೆದಿತ್ತು. ವೈದ್ಯರು ಹಾಕಿದ ಪ್ರಶ್ನೆಯ ಚಿಹ್ನೆ ಊರು ಮುಟ್ಟುವಷ್ಟರಲ್ಲಿ ಅಳಿಸಿಹೋಯಿತು. ಯಾರೋ ಕಂಪ್ಯೂಟರಿನಲ್ಲಿ ಹುಡುಕಿ, ಈ ಕಾಯಿಲೆ ಬಂದವರು ಮೂರು ವರ್ಷ ಬದುಕುತ್ತಾರೆಂದು ಹೇಳಿದರು. ಮತ್ತೊಬ್ಬರು ಮಾಟವೆಂದರು. ಗೊತ್ತಾಗಿದ್ದ ಹೆಣ್ಣು ತಪ್ಪಿಹೋಯಿತು. ಹಸುಗಳು ಮಾರಾಟವಾದವು. ತಾಯಿ ಮತ್ತೆ ಬಂದು, "ಮೂರೇ ವರ್ಷವಂತೆ, ನಿಜವಾ ಬುದ್ಧೀ?" ಎಂದು ಕೇಳಿದಾಗ ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ. ಮೊದಲ ಸಲ ತಿಳಿಯದೆ ಮಾತನಾಡಿದ್ದೆವು. ಈ ಸಲ ತಿಳಿಯದೆಂದು ಒಪ್ಪಿಕೊಂಡು, ಅವರೊಡನೆ ಬೆಂಗಳೂರಿಗೆ ಹೊರಟೆವು.

ಏನಿದು ಕಾಯಿಲೆ?

ಕೈ ಎತ್ತಬೇಕೆಂದು ನಾವು ಸಂಕಲ್ಪಿಸಿದರೆ ಆ ಆಜ್ಞೆ ಮೆದುಳಿನಿಂದ ಹೊರಟು ಬೆನ್ನುಹುರಿಗೆ ಇಳಿದು, ಅಲ್ಲಿಂದ ಇನ್ನೊಂದು ನರಕೋಶದ ಮೂಲಕ ಸ್ನಾಯುವನ್ನು ಮುಟ್ಟುತ್ತದೆ. ಆಜ್ಞೆಯನ್ನು ಹೊತ್ತೊಯ್ಯುವ ಈ ಕೋಶಗಳಿಗೆ ಚಾಲಕ ನರಕೋಶಗಳು, ಅಂದರೆ ಮೋಟಾರ್ ನ್ಯೂರಾನ್‌ಗಳು ಎಂದು ಹೆಸರು. ಇವು ಕಾಲುವೆಯ ನೀರಿದ್ದಂತೆ. ನೀರು ನಿಂತರೆ ಗಿಡ ಒಣಗುವಂತೆ, ನರಕೋಶ ನಶಿಸಿದರೆ ಅದರ ಆಶ್ರಯದಲ್ಲಿರುವ ಸ್ನಾಯು ಸೊರಗುತ್ತದೆ. ಸ್ಪರ್ಶಜ್ಞಾನವನ್ನು ತರುವ ನರಗಳು ಬೇರೆಯಾದುದರಿಂದ ಚರ್ಮಕ್ಕೆ ಜೋಮು ಹಿಡಿಯುವುದಿಲ್ಲ, ಬಿಸಿ ತಣ್ಣನೆ ತಿಳಿಯುತ್ತಲೇ ಇರುತ್ತದೆ. ಕುಷ್ಠರೋಗದಲ್ಲಿಯೂ ಕೈ ಸೊರಗುವುದುಂಟು. ಆದರೆ ಅಲ್ಲಿ ಸ್ಪರ್ಶಜ್ಞಾನ ಹೋಗಿರುತ್ತದೆ. ಕತ್ತಿನ ಮೂಳೆಯ ಸವೆತದಿಂದಲೂ ನರ ಒತ್ತಿ ಹೀಗಾಗಬಹುದು. ಆದ್ದರಿಂದ ಕೈ ಸೊರಗಿದ ಮಾತ್ರಕ್ಕೆ ಇಂಥದ್ದೇ ಕಾಯಿಲೆಯೆಂದು ಮನೆಯಲ್ಲಿ ಕುಳಿತು ನಿರ್ಣಯಿಸುವುದು ಸಲ್ಲದು.

ಮೋಟಾರ್ ನ್ಯೂರಾನ್ ಕಾಯಿಲೆ ಎಂಬುದು ಒಂದೇ ರೋಗದ ಹೆಸರಲ್ಲ, ಒಂದು ಬಳಗದ ಹೆಸರು. ಆ ಬಳಗದಲ್ಲಿ ಅತ್ಯಂತ ಕಠಿಣವಾದುದನ್ನು 1869ರಲ್ಲಿ ಫ್ರಾನ್ಸಿನ ಶಾರ್ಕೊ ಎಂಬ ವೈದ್ಯರು ವಿವರಿಸಿದರು. ಎ.ಎಲ್.ಎಸ್. ಎಂದು ಕರೆಯಲಾಗುವ ಈ ರೂಪದಲ್ಲಿ ಮೆದುಳಿನ ಕೋಶಗಳೂ ಬೆನ್ನುಹುರಿಯ ಕೋಶಗಳೂ ಕೂಡಿಯೇ ನಶಿಸುತ್ತವೆ. ಕೈಕಾಲು, ಆಮೇಲೆ ಮಾತು, ನುಂಗುವುದು, ಕೊನೆಗೆ ಉಸಿರು ಹೀಗೆ ಒಂದೊಂದಾಗಿ ಸೋಲುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ ಐವತ್ತೈದು ದಾಟಿದವರ ಕಾಯಿಲೆ. ಕಾಣಿಸಿಕೊಂಡ ಎರಡರಿಂದ ಐದು ವರ್ಷಗಳಲ್ಲಿ ಬಹುಮಂದಿ ತೀರಿಕೊಳ್ಳುತ್ತಾರೆ. ನಮ್ಮ ಊರಿಗೆ ಬಂದ "ಮೂರು ವರ್ಷ"ದ ಮಾತು ಈ ರೂಪವನ್ನು ಕುರಿತದ್ದು.

ಇದು ಅಪರೂಪದ ಕಾಯಿಲೆಯೆಂಬುದನ್ನೂ ಓದುಗರು ಮನಗಾಣಬೇಕು. ಜಗತ್ತಿನ ಅನೇಕ ಕಡೆಗಳ ಲೆಕ್ಕದಂತೆ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಹೊಸದಾಗಿ ಬರುತ್ತದೆ. ಇಪ್ಪತ್ತೈದರೊಳಗಿನವರಲ್ಲಿ ಇನ್ನೂ ಅಪರೂಪ. ಆದರೆ ಇಲ್ಲವೇ ಇಲ್ಲವೆನ್ನಲಾಗದು. ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಈ ಕಾಯಿಲೆಯೆಂದು ತಿಳಿದುಬಂದಾಗ ವೈದ್ಯರು ಕೊಟ್ಟ ಗಡುವು ಎರಡು ವರ್ಷ. ಅವರು ಬದುಕಿದ್ದು 2018ರವರೆಗೆ, ಎಪ್ಪತ್ತಾರು ವರ್ಷ. ಎಲ್ಲರಿಗೂ ಹಾಗಾಗುವುದೆಂದು ಹೇಳಲಾಗದು. ಆದರೆ ಪ್ರಾಯದಲ್ಲಿ ಬಂದ ಕಾಯಿಲೆಯ ನಡೆ ಮುಪ್ಪಿನಲ್ಲಿ ಬಂದುದರ ನಡೆಯಂತೆಯೇ ಇರಬೇಕಿಲ್ಲ ಎಂಬುದಕ್ಕೆ ಅದೊಂದು ನಿದರ್ಶನ.

ದಕ್ಷಿಣ ದೇಶದ ಎರಡು ರೂಪಗಳು

ಈ ಬಳಗದಲ್ಲಿ ಹರೆಯದವರನ್ನೇ ಹಿಡಿಯುವ, ನಮ್ಮ ಭಾಗದಲ್ಲಿ ವಿಶೇಷವಾಗಿ ಗುರುತಿಸಲಾದ ಎರಡು ರೂಪಗಳಿವೆ. ಇವುಗಳ ಅಧ್ಯಯನದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪಾತ್ರ ದೊಡ್ಡದೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. ಮಾನಸಿಕ ರೋಗಗಳ ಆಸ್ಪತ್ರೆಯೆಂದೇ ಹಳ್ಳಿಗರು ತಿಳಿದಿರುವ ಈ ಸಂಸ್ಥೆ 1974ರಲ್ಲಿ ಈಗಿನ ಸ್ವರೂಪ ಪಡೆದಂದಿನಿಂದ ನರರೋಗಗಳಿಗೂ ಚಿಕಿತ್ಸೆಯ ನೆಲೆಯಾಗಿದೆ.

ಮೊದಲನೆಯದು ಒಂದೇ ಅಂಗದ ಸ್ನಾಯುಕ್ಷಯ. ಜಪಾನಿನ ಹಿರಾಯಾಮ ಎಂಬ ವೈದ್ಯರು 1959ರಲ್ಲಿ, ಹರೆಯದವರ ಒಂದು ಕೈ ಮಾತ್ರ ಸೊರಗುವ ಕಾಯಿಲೆಯನ್ನು ವಿವರಿಸಿದರು. ನಿಮ್ಹಾನ್ಸಿನಲ್ಲಿ ನರರೋಗ ಪ್ರಾಧ್ಯಾಪಕರಾಗಿದ್ದು ಮುಂದೆ ಅದರ ನಿರ್ದೇಶಕರೂ ಆದ ಡಾ. ಎಂ. ಗೌರಿದೇವಿಯವರು ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ 23 ರೋಗಿಗಳನ್ನು ಕುರಿತು ಲೇಖನ ಪ್ರಕಟಿಸಿ, ಕೈಯಂತೆಯೇ ಒಂದು ಕಾಲು ಮಾತ್ರ ಸೊರಗುವುದೂ ಉಂಟೆಂದು ತೋರಿಸಿ, ಇದನ್ನು ಮಾನೋಮೆಲಿಕ್ ಅಮಯೋಟ್ರಫಿ ಎಂದು ಕರೆದರು. ರೋಗಿಗಳಲ್ಲಿ ಬಹುಪಾಲು ಗಂಡುಮಕ್ಕಳು. ಹದಿನೈದರಿಂದ ಇಪ್ಪತ್ತೈದರ ಆಸುಪಾಸಿನವರು. ಚಳಿಗಾಲದ ಬೆಳಗ್ಗೆ ಬೆರಳು ಇನ್ನಷ್ಟು ಸೋಲುವುದು, ಕೈ ಚಾಚಿದರೆ ಬೆರಳು ನಡುಗುವುದು ಇದರ ಗುರುತುಗಳು. ಎರಡರಿಂದ ಐದು ವರ್ಷ ನಿಧಾನವಾಗಿ ಹೆಚ್ಚುತ್ತ ಹೋಗಿ, ಆಮೇಲೆ ಹೆಚ್ಚಿನವರಲ್ಲಿ ತಾನಾಗಿಯೇ ನಿಂತುಬಿಡುತ್ತದೆ. ಉಸಿರಿಗೆ ಬರುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ.

ಕೈ ಸೊರಗುವವರಲ್ಲಿ ಅನೇಕರಿಗೆ ಇದರ ಮೂಲ ಕತ್ತಿನಲ್ಲಿದೆ. ತಲೆ ಬಗ್ಗಿಸಿದಾಗ ಬೆನ್ನುಹುರಿಯನ್ನು ಸುತ್ತಿರುವ ಪೊರೆ ಬಿಗಿದು ಮುಂದಕ್ಕೆ ಸರಿದು, ಬೆನ್ನುಹುರಿಯನ್ನು ಮೂಳೆಗೆ ಒತ್ತುತ್ತದೆ. ಹೀಗೆ ಸಾವಿರಾರು ಸಲ ಒತ್ತಿದಾಗ ಆ ಭಾಗದ ಚಾಲಕ ಕೋಶಗಳು ನಶಿಸುತ್ತವೆ. ಆದುದರಿಂದಲೇ ಇದನ್ನು ಪತ್ತೆಹಚ್ಚಲು ಕತ್ತು ನೆಟ್ಟಗಿಟ್ಟು ತೆಗೆದ ಎಂ.ಆರ್.ಐ. ಸಾಲದು, ಕತ್ತು ಬಗ್ಗಿಸಿಯೂ ತೆಗೆಯಬೇಕು. ಕಾಯಿಲೆ ಹೆಚ್ಚುತ್ತಿರುವ ಕಾಲದಲ್ಲಿಯೇ ಗುರುತಿಸಿದರೆ, ಕತ್ತು ಬಗ್ಗದಂತೆ ಪಟ್ಟಿ ಹಾಕಿಸಿ, ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ, ಕ್ಷಯವನ್ನು ಬೇಗ ತಡೆಯಲು ಯತ್ನಿಸಬಹುದು. ಹೋದ ಸ್ನಾಯು ಪೂರ್ತಿ ಮರಳುವುದಿಲ್ಲ. ನಮ್ಮ ಅವಿವೇಕದ ಮಾತಿನಿಂದ ಆ ಹುಡುಗ ಕಳೆದುಕೊಂಡ ವರ್ಷ ಇಂಥ ಕಾಲಕ್ಕೆ ಸೇರಿದ್ದು. ಆ ವರ್ಷವೆಲ್ಲ ಅವನು ತಲೆ ಬಗ್ಗಿಸಿ ಕಾಯಿ ಸುಲಿಯುತ್ತಲೇ ಇದ್ದ.

ಎರಡನೆಯದು ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ. 1970ರಲ್ಲಿ ಮದ್ರಾಸಿನ ಡಾ. ಮೀನಾಕ್ಷಿಸುಂದರಂ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿ ತೋರಿಸಿದರು. ಹೆಸರು ಮದ್ರಾಸಿನದಾದರೂ ಕರ್ನಾಟಕ, ಆಂಧ್ರ, ಕೇರಳಗಳ ರೋಗಿಗಳಲ್ಲಿಯೂ ಕಂಡುಬಂದಿದೆ. ನಿಮ್ಹಾನ್ಸಿನ ವೈದ್ಯರು 1971ರಿಂದ 2007ರವರೆಗೆ ಕಂಡ 116 ರೋಗಿಗಳ ವೃತ್ತಾಂತವನ್ನು 2008ರಲ್ಲಿ ಪ್ರಕಟಿಸಿದ್ದಾರೆ. ಹದಿಹರೆಯದ ಹೊತ್ತಿಗೆ ಕೈಕಾಲು ತೆಳುವಾಗುವುದು, ಮುಖದ ಸ್ನಾಯು ಸೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಇವುಗಳ ಜೊತೆಗೆ ಅನೇಕರಲ್ಲಿ ಕಿವಿ ಕೇಳಿಸದಾಗುವುದು ಇದರ ವಿಶೇಷ. ಲಕ್ಷಣಗಳನ್ನು ಕೇಳಿದರೆ ಭಯವಾಗುತ್ತದೆ. ಆದರೆ ಇದರ ನಡೆ ಬಹಳ ನಿಧಾನ. ದಶಕಗಳ ಕಾಲ ಬದುಕಿದವರು, ದುಡಿದು ಸಂಸಾರ ಮಾಡಿದವರು ಇದ್ದಾರೆ.

ಕಿವಿ ಕೇಳಿಸದಿರುವುದು ಮತ್ತು ಗಂಟಲು ಸೋಲುವುದು ಕೂಡಿ ಬಂದರೆ ಇನ್ನೊಂದು ಮಾತನ್ನು ನೆನಪಿಡಬೇಕು. ಬ್ರೌನ್-ವಯಲೆಟ್ಟೊ-ವ್ಯಾನ್ ಲೇರ್ ಎಂಬ ವಂಶವಾಹಿ ಕಾಯಿಲೆಯಲ್ಲಿಯೂ ಇದೇ ಲಕ್ಷಣಗಳು. ರೈಬೋಫ್ಲಾವಿನ್, ಅಂದರೆ ಬಿ2 ಜೀವಸತ್ವವನ್ನು ಕೋಶಗಳೊಳಗೆ ಸಾಗಿಸುವ ವ್ಯವಸ್ಥೆಯ ದೋಷದಿಂದ ಇದು ಬರುತ್ತದೆಂದು 2010ರ ಸುಮಾರಿಗೆ ತಿಳಿದುಬಂತು. ವೈದ್ಯರ ಮೇಲ್ವಿಚಾರಣೆಯಲ್ಲಿ ಅದೇ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ, ಬೇಗನೆ ಕೊಡಲಾರಂಭಿಸಿದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಮಾಟವೆಂದೋ ಹಣೆಬರಹವೆಂದೋ ಮನೆಯಲ್ಲಿ ಕುಳಿತವರಿಗೆ ಈ ಲಾಭ ದೊರೆಯದು.

ಇನ್ನು ಎ.ಎಲ್.ಎಸ್. ವಿಷಯದಲ್ಲಿಯೂ ನಮ್ಮ ನಾಡಿನ ಅನುಭವ ಸ್ವಲ್ಪ ಭಿನ್ನ. ನಿಮ್ಹಾನ್ಸಿನವರು ಮೂವತ್ತು ವರ್ಷಗಳಲ್ಲಿ ಕಂಡ 1,153 ರೋಗಿಗಳ ಅಧ್ಯಯನ 2008ರಲ್ಲಿ ಹೊರಬಂದಿತು. ಅವರಲ್ಲಿ ಕಾಯಿಲೆ ತೊಡಗಿದ ಸರಾಸರಿ ವಯಸ್ಸು 46. ಅಂದರೆ ಇಲ್ಲಿ ಬೇಗ ಬರುತ್ತದೆ. ಆದರೆ ಬದುಕುವ ಕಾಲವೂ ಹೆಚ್ಚು. ಆ ರೋಗಿಗಳ ಮಧ್ಯಮ ಆಯುರ್ಮಾನ ಕಾಯಿಲೆ ತೊಡಗಿದಂದಿನಿಂದ ಒಂಬತ್ತು ವರ್ಷಗಳಿಗೂ ಮಿಕ್ಕಿತ್ತು.

ಒಳಸಂಬಂಧದ ಪ್ರಶ್ನೆ

"ಒಬ್ಬನಿಗೆ ಬಂದರೆ ಮನೆಯವರಿಗೆಲ್ಲ ಬರುತ್ತದೆಯೆ? ಆ ಮನೆಯಿಂದ ಹೆಣ್ಣು ತರಬಹುದೆ?" ಎಂದು ಅನೇಕರು ನಮ್ಮನ್ನು ಕೇಳಿದ್ದಾರೆ. ಪ್ರಶ್ನೆ ನಿಷ್ಠುರವಾದುದು, ಉತ್ತರ ಸ್ಪಷ್ಟವಾಗಿರಬೇಕು. ಇದು ಅಂಟುರೋಗವಲ್ಲ. ಒಂದೇ ಅಂಗದ ಸ್ನಾಯುಕ್ಷಯವಾಗಲಿ ಮದ್ರಾಸ್ ರೂಪವಾಗಲಿ ಬಂದವರಲ್ಲಿ ಬಹುಪಾಲು ಜನರ ಮನೆಯಲ್ಲಿ ಮತ್ತಾರಿಗೂ ಆ ಕಾಯಿಲೆ ಇರುವುದಿಲ್ಲ. ಎ.ಎಲ್.ಎಸ್. ರೋಗಿಗಳಲ್ಲಿ ಸುಮಾರು ನೂರಕ್ಕೆ ಐದರಿಂದ ಹತ್ತು ಜನರಲ್ಲಿ ಮಾತ್ರ ವಂಶದ ಎಳೆ ಕಾಣುತ್ತದೆ. ಆದ್ದರಿಂದ ಒಬ್ಬನ ಕೈ ಸೊರಗಿತೆಂದು ಅವನ ಅಕ್ಕತಂಗಿಯರ ಮದುವೆಯನ್ನು ಮುರಿಯುವುದು ಅಜ್ಞಾನ, ಅದಕ್ಕಿಂತ ಹೆಚ್ಚಾಗಿ ನಿರ್ದಯೆ.

ಆದರೆ ಇನ್ನೊಂದು ಮುಖವನ್ನು ಮುಚ್ಚಿಡುವುದೂ ಸರಿಯಲ್ಲ. ಬೆನ್ನುಹುರಿಯ ಸ್ನಾಯುಕ್ಷಯ, ಅಂದರೆ ಎಸ್.ಎಂ.ಎ., ಮೇಲೆ ಹೇಳಿದ ಜೀವಸತ್ವದ ದೋಷ ಮುಂತಾದ ಕಾಯಿಲೆಗಳು ತಂದೆತಾಯಿ ಇಬ್ಬರಿಂದಲೂ ಅದೇ ದೋಷ ಬಂದಾಗ ಮಾತ್ರ ಮಗುವಿನಲ್ಲಿ ಪ್ರಕಟವಾಗುತ್ತವೆ. ಒಬ್ಬರಿಂದ ಮಾತ್ರ ಬಂದರೆ ಅದು ಅಡಗಿಯೇ ಇರುತ್ತದೆ. ಹೊತ್ತವರಿಗೆ ತಾವು ಹೊತ್ತಿರುವುದು ತಿಳಿಯದು. ಇಬ್ಬರೂ ಹೊತ್ತವರಾದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದೇ ಅಜ್ಜನಿಂದ ಬಂದ ದೋಷ ಇಬ್ಬರಲ್ಲಿಯೂ ಇರುವ ಸಂಭವ ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚು. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವುದು ನಮ್ಮ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ತೋಟ ಒಡೆಯಬಾರದು, ಹೆಣ್ಣುಮಗಳು ಅರಿಯದವರ ಮನೆಗೆ ಹೋಗಬಾರದು ಎಂಬ ಹಿರಿಯರ ಉದ್ದೇಶವನ್ನು ನಾವು ಹೀಗಳೆಯುವುದಿಲ್ಲ. ಆದರೆ ರೂಢಿ ಧರ್ಮವಲ್ಲ. ವಂಶದಲ್ಲಿ ಇಂಥ ಕಾಯಿಲೆಯೊಂದು ಕಂಡ ಮೇಲೂ ಅದೇ ವಂಶದೊಳಗೆ ಸಂಬಂಧ ಬೆಳೆಸುವ ಮುನ್ನ ವಂಶವಾಹಿ ತಜ್ಞರ ಸಲಹೆ ಪಡೆಯಬೇಕು. ತೋಟ ಉಳಿಸುವುದಕ್ಕಿಂತ ಮಕ್ಕಳನ್ನು ಉಳಿಸುವುದು ಮುಖ್ಯ. ಜಾತಕ ಕೂಡಿಸುವುದಕ್ಕೆ ಪಡುವ ಶ್ರಮದಲ್ಲಿ ಕಾಲುಭಾಗವನ್ನಾದರೂ ಇದಕ್ಕೆ ಮೀಸಲಿಡಲೆಂಬುದು ನಮ್ಮ ಬಿನ್ನಹ.

ಹೆದರಬೇಕಾದುದು, ಹೆದರಬೇಕಿಲ್ಲದುದು

ಕಾಲೇಜಿನಲ್ಲಿ ಓದುವ ಮಕ್ಕಳು ಈಗ ಮೊಬೈಲಿನಲ್ಲಿ ಎಲ್ಲವನ್ನೂ ಹುಡುಕುತ್ತಾರೆ. ಕಣ್ಣಿನ ರೆಪ್ಪೆಯೋ ಮೀನಖಂಡವೋ ಅದುರಿದರೆ ಸಾಕು, ತಮಗೆ ಈ ಮಹಾರೋಗ ಬಂದಿತೆಂದು ನಿದ್ದೆಗೆಡುವವರಿದ್ದಾರೆ. ನಿದ್ದೆ ಸಾಲದಿರುವುದು, ಹೆಚ್ಚು ಕಾಫಿ, ದಣಿವು, ಪರೀಕ್ಷೆಯ ಭಯ ಇವುಗಳಿಂದ ಆರೋಗ್ಯವಂತರ ಸ್ನಾಯುಗಳೂ ಅದುರುತ್ತವೆ. ಬಲ ಕುಂದದೆ, ಸ್ನಾಯು ಸೊರಗದೆ ಬರಿಯ ಅದುರುವಿಕೆಯಿದ್ದರೆ ಅದು ಸಾಮಾನ್ಯವಾಗಿ ನಿರಪಾಯಕರ.

ಗಮನಿಸಬೇಕಾದ ಗುರುತುಗಳು ಬೇರೆ. ಗುಂಡಿ ಹಾಕಲು, ಬೀಗ ತಿರುಗಿಸಲು, ಅನ್ನ ಕಲೆಸಲು ಬೆರಳು ಸೋಲುವುದು, ಒಂದು ಕೈ ಅಥವಾ ಕಾಲು ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ತೆಳ್ಳಗಾಗುವುದು, ನಡೆಯುವಾಗ ಹೆಜ್ಜೆಯ ತುದಿ ಎಡವುವುದು, ನೀರು ಕುಡಿದರೆ ಮೂಗಿಗೆ ಬರುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡು ವಾರಗಳಾದರೂ ಹೋಗದಿದ್ದರೆ ತಾಲ್ಲೂಕಿನ ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಅವರ ಚೀಟಿಯೊಡನೆ ನರರೋಗ ತಜ್ಞರ ಬಳಿಗೆ ಹೋಗಬೇಕು. ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ, ಎಂ.ಆರ್.ಐ., ಅಗತ್ಯವಿದ್ದರೆ ರಕ್ತದಿಂದ ವಂಶವಾಹಿ ಪರೀಕ್ಷೆ, ಇವುಗಳಿಂದ ಯಾವ ರೂಪವೆಂಬುದು ತಿಳಿಯುತ್ತದೆ. ಒಮ್ಮೆ ನೋಡಿ ನಿರ್ಣಯಿಸಲಾಗದೆ ಆರು ತಿಂಗಳ ನಂತರ ಮತ್ತೆ ಬರಹೇಳುವುದೂ ಉಂಟು. ಅದನ್ನು ವೈದ್ಯರ ಅಸಡ್ಡೆಯೆಂದು ಬಗೆಯಬಾರದು. ಕಾಯಿಲೆಯ ನಡೆಯನ್ನು ನೋಡುವುದೂ ಒಂದು ಪರೀಕ್ಷೆಯೇ.

ಚಿಕಿತ್ಸೆಯ ವಿಷಯದಲ್ಲಿ ಆಸೆ ಹುಟ್ಟಿಸಿ ಸುಲಿಯುವವರಿದ್ದಾರೆ. ಎ.ಎಲ್.ಎಸ್.ಗೆ 1995ರಲ್ಲಿ ಬಂದ ರಿಲುಜೋಲ್ ಎಂಬ ಔಷಧಿ ಕಾಯಿಲೆಯನ್ನು ಸ್ವಲ್ಪ ನಿಧಾನಗೊಳಿಸುತ್ತದೆ, ಗುಣಪಡಿಸುವುದಿಲ್ಲ. ವಂಶವಾಹಿಯ ಒಂದು ವಿಶೇಷ ದೋಷವಿರುವ ಕೆಲವೇ ರೋಗಿಗಳಿಗಾಗಿ ಟೊಫರ್ಸೆನ್ ಎಂಬ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆತಿದೆ. ಆದರೆ ಆಕರಕೋಶ, ಅಂದರೆ ಸ್ಟೆಮ್ ಸೆಲ್ ಸೂಜಿಯಿಂದ ಪೂರ್ತಿ ಗುಣವಾಗುವುದೆಂದು ಲಕ್ಷಗಟ್ಟಲೆ ಕೇಳುವವರನ್ನು ನಂಬಬಾರದು. ಸಂಶೋಧನೆಯ ಚೌಕಟ್ಟಿನ ಹೊರಗೆ ಈ ಕಾಯಿಲೆಗೆ ಅದನ್ನು ಕೊಡತಕ್ಕದ್ದಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ತೆಂಗಿನ ಮರ ಮಾರಿ ಸೂಜಿ ಹಾಕಿಸಿಕೊಳ್ಳುವ ಮೊದಲು ಸರ್ಕಾರಿ ನರರೋಗ ಆಸ್ಪತ್ರೆಯ ಅಭಿಪ್ರಾಯವನ್ನು ಕೇಳಿರಿ.

ಶಕ್ತಿ ಕುಂದಿದವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಆಸರೆಯಿದೆ. ವೈದ್ಯಮಂಡಳಿ ನೂರಕ್ಕೆ ನಲವತ್ತು ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯವೆಂದು ಪ್ರಮಾಣೀಕರಿಸಿದರೆ ಉದ್ಯೋಗ, ಶಿಕ್ಷಣಗಳಲ್ಲಿ ಮೀಸಲಾತಿಯ ಸೌಲಭ್ಯ ಪಡೆಯಬಹುದು. ಗುರುತಿನ ಚೀಟಿ ಮಾಡಿಸಲು ನಾಚುವವರನ್ನು ಕಂಡಿದ್ದೇವೆ. ದಯಮಾಡಿ ನಾಚಬೇಡಿ.

ಬಳಗದ ಹೊಣೆ

ಬೆಂಗಳೂರಿನಲ್ಲಿ ಆ ಹುಡುಗನ ಕತ್ತನ್ನು ಬಗ್ಗಿಸಿ ಎಂ.ಆರ್.ಐ. ತೆಗೆದರು. ಆಮೇಲೆ ವೈದ್ಯರು ತಾಯಿಯನ್ನು ಕೂರಿಸಿಕೊಂಡು, ಇದು ಒಂದೇ ಕೈಯ ಕಾಯಿಲೆ, ಪ್ರಾಣಕ್ಕೆ ಭಯವಿಲ್ಲ, ಕತ್ತಿಗೆ ಪಟ್ಟಿ ಹಾಕಬೇಕು, ಕಾಯಿ ಸುಲಿಯುವ ಕೆಲಸ ಬಿಡಬೇಕು ಎಂದು ನಿಧಾನವಾಗಿ ತಿಳಿಸಿದರು. ಆ ತಾಯಿ ಅಲ್ಲಿಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ದಿನ ಅವರು ಅತ್ತಿರಲಿಲ್ಲವೆಂದು ಮಗ ಆಮೇಲೆ ನಮಗೆ ಹೇಳಿದ. ಮರಳುವ ದಾರಿಯಲ್ಲಿ ನಮ್ಮ ತಪ್ಪನ್ನು ಅವರ ಮುಂದೆ ಒಪ್ಪಿಕೊಂಡೆವು. "ನೀವೂ ಜೊತೇಲಿ ಬಂದ್ರಲ್ಲ ಬುದ್ಧೀ" ಎಂದಷ್ಟೇ ಹೇಳಿ ಸುಮ್ಮನಾದರು. ಆ ಮಾತಿನಿಂದ ನಮ್ಮ ತಪ್ಪು ಕಿರಿದಾಗಲಿಲ್ಲ.

ಎರಡು ವರ್ಷಗಳಲ್ಲಿ ಕ್ಷಯ ನಿಂತಿತು. ಹೋದ ಬಲ ಬರಲಿಲ್ಲ. ಚಳಿಗಾಲದ ಬೆಳಗ್ಗೆ ಅವನ ಅಂಗಿಯ ಗುಂಡಿಯನ್ನು ಇಂದಿಗೂ ಹೆಂಡತಿಯೇ ಹಾಕಬೇಕು. ಎಡಗೈಯಲ್ಲಿ ಬರೆಯಲು ಕಲಿತು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಕಾಯಿ ಸುಲಿಯುವುದೂ ಕಾಯಕ, ಲೆಕ್ಕ ಬರೆಯುವುದೂ ಕಾಯಕ. ಶರಣರು ಕಾಯಕಗಳಲ್ಲಿ ಮೇಲು ಕೀಳನ್ನು ಎಣಿಸಲಿಲ್ಲ.

ಎಲ್ಲರ ಪಾಲಿಗೂ ಇಂಥ ಸಮಾಧಾನ ದೊರೆಯುವುದಿಲ್ಲವೆಂಬುದನ್ನು ನಾವು ಬಲ್ಲೆವು. ಕಠಿಣ ರೂಪದ ಕಾಯಿಲೆ ಬಂದ ಮನೆಗಳೂ ಇವೆ. ಅಲ್ಲಿ ಹಗಲಿರುಳು ಉಣಿಸಿ, ಮಗ್ಗುಲು ಬದಲಿಸಿ, ಉಸಿರನ್ನು ಕಾಯುವ ತಾಯಂದಿರು, ಹೆಂಡಂದಿರು ಇದ್ದಾರೆ. ಅಂಥ ಮನೆಗೆ ಹೋದವರು "ಪೂರ್ವಜನ್ಮದ ಕರ್ಮ" ಎಂಬ ಮಾತನ್ನು ಆಡದಿರಲಿ. ನೊಂದವರ ಮೇಲೆ ಅಪರಾಧ ಹೊರಿಸುವುದು ಶರಣರ ದಾರಿಯಲ್ಲ. ಒಂದು ರಾತ್ರಿ ರೋಗಿಯ ಬಳಿ ಎಚ್ಚರವಿದ್ದು ಆ ತಾಯಿಗೆ ನಿದ್ದೆ ಕೊಟ್ಟರೆ, ಒಂದು ಸಲ ಆಸ್ಪತ್ರೆಗೆ ಜೊತೆಯಾಗಿ ಹೋದರೆ, ಅದೂ ದಾಸೋಹವೇ.

ತಿಳಿದವರು ತಿಳಿಯದವರಿಗೆ ಹೇಳಲಿ. ತಿಳಿಯದವರು ತಿಳಿಯದೆಂದು ಒಪ್ಪಿಕೊಂಡು ಜೊತೆಗೆ ನಡೆಯಲಿ. ನಮ್ಮ ಒಂದು ತಪ್ಪು ಮಾತು ಒಂದು ಕೈಯ ಬಲವನ್ನು ತಿಂದಿತು. ಈ ಬರಹ ಓದಿದ ಒಂದು ಮನೆಯವರಾದರೂ ವರ್ಷ ಕಾಯದೆ ಮಗನನ್ನು ವೈದ್ಯರ ಬಳಿಗೆ ಕರೆದೊಯ್ದರೆ ನಮ್ಮ ಋಣ ಸ್ವಲ್ಪ ತೀರೀತು.